ಅತಿಥಿಧರ್ಮವೂ ರಾಜಶಾಸನವೂ

ನಂಜನಗೂಡು ತಾಲ್ಲೂಕಿನ ತಗಡೂರು ಖಾದಿಯ ಹೆಸರಿನೊಡನೆ ಬೆಸೆದುಕೊಂಡ ಊರು. ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರಿಂದಾಗಿ ಗಾಂಧೀಜಿಯವರ ವಿಚಾರಗಳೊಡನೆಯೂ ಈ ಊರಿಗೆ ನಂಟು ಬೆಳೆಯಿತು. ಇಂತಹ ಊರಿಗೆ, ಕೈನೂಲಿನ ಕೆಲಸವನ್ನು ಕಣ್ಣಾರೆ ಕಾಣಬೇಕೆಂಬ ಆಸೆಯಿಂದ ದೂರದೇಶದ ಯಾತ್ರಿಕನೊಬ್ಬನು ಬಂದು, ಒಬ್ಬ ಗೃಹಸ್ಥನ ಮನೆಯ ಜಗುಲಿಗೆ ಹೊಂದಿಕೊಂಡ ಕೋಣೆಯಲ್ಲಿ ಇಳಿದುಕೊಂಡನೆಂದು ಭಾವಿಸೋಣ. ಮನೆಯವರು ಅವನಿಗೆ ಕಾಲು ತೊಳೆಯಲು ನೀರು ಕೊಟ್ಟರು, ಉಣಬಡಿಸಿದರು, ಹಾಸಿಗೆ ಹಾಸಿಕೊಟ್ಟರು. ಕೆಲವು ದಿನಗಳಲ್ಲಿ ಅವನಿಗೆ ಜ್ವರ ಹಿಡಿಯಿತು. ಏಳಲಾರದ ಸ್ಥಿತಿಯಲ್ಲಿ ಮಲಗಿದ್ದಾಗ ಅವನು ಯಜಮಾನನನ್ನು ಕರೆದು, ತನ್ನ ವೀಸಾದ ಅವಧಿ ಇನ್ನೆರಡು ದಿನಗಳಲ್ಲಿ ಮುಗಿಯುವುದೆಂದೂ, ಗುಣವಾಗುವವರೆಗೆ ಈ ಸಂಗತಿಯನ್ನು ಯಾರಿಗೂ ಹೇಳಬಾರದೆಂದೂ ಬೇಡಿಕೊಂಡನು. ಆ ಗೃಹಸ್ಥನು ಏನು ಮಾಡಬೇಕು?

ಈ ಪ್ರಶ್ನೆಗೆ ಸುಲಭವಾದ ಎರಡು ಉತ್ತರಗಳುಂಟು. ಅತಿಥಿಯು ದೇವರ ಸಮಾನ, ಕಾಗದಪತ್ರಗಳ ಗೊಡವೆ ಮನೆಯವನಿಗೇಕೆ ಎಂಬುದು ಒಂದು. ಕಾನೂನು ಕಾನೂನೇ, ಅವಧಿ ಮುಗಿಯುವ ಮುನ್ನವೇ ಅವನನ್ನು ಹೊರಗೆ ಕಳುಹಿಸಿ ಕೈತೊಳೆದುಕೊಳ್ಳುವುದು ಲೇಸು ಎಂಬುದು ಇನ್ನೊಂದು. ಮೊದಲನೆಯದು ದಯೆಯಂತೆ ತೋರುತ್ತದೆ, ಎರಡನೆಯದು ನೀತಿಯಂತೆ ತೋರುತ್ತದೆ. ಆದರೆ ಎರಡೂ ವಿಚಾರ ಮಾಡುವ ಶ್ರಮದಿಂದ ತಪ್ಪಿಸಿಕೊಳ್ಳುವ ದಾರಿಗಳೇ ಆಗಿವೆ.

ಪರದೇಶದವನ ಪ್ರವೇಶಕ್ಕೆ ಅಪ್ಪಣೆ ಬೇಕೆಂಬ ನಿಯಮ ಆಧುನಿಕ ಸರ್ಕಾರಗಳು ಹೊಸದಾಗಿ ತಂದದ್ದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ವಿವರವಿದೆ. ಆ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದ ವಿದ್ವಾಂಸರು ಆರ್. ಶಾಮಾಶಾಸ್ತ್ರಿಗಳು. ಅದರ ಪ್ರಕಾರ ಮುದ್ರಾಧ್ಯಕ್ಷನೆಂಬ ಅಧಿಕಾರಿಯು ಒಂದು ಮಾಷ ಶುಲ್ಕ ಪಡೆದು ಸಂಚಾರದ ಮುದ್ರೆಯನ್ನು ಕೊಡುತ್ತಿದ್ದನು. ಮುದ್ರೆಯಿಲ್ಲದೆ ಜನಪದವನ್ನು ಹೊಕ್ಕವನಿಗೂ ಬಿಟ್ಟವನಿಗೂ ಹನ್ನೆರಡು ಪಣ ದಂಡ, ಕೃತಕ ಮುದ್ರೆಗೆ ಇನ್ನೂ ಹೆಚ್ಚಿನ ದಂಡ. ಮನೆಗೆ ಬಂದ ಹೊರಗಿನವನ ವಿಷಯವನ್ನು ಮನೆಯ ಯಜಮಾನನೇ ನಗರದ ಅಧಿಕಾರಿಗೆ ತಿಳಿಸಬೇಕಾಗಿತ್ತು. ತಿಳಿಸದಿದ್ದರೆ ಆ ರಾತ್ರಿ ನಡೆದ ಅಪರಾಧದ ಹೊಣೆ ಅವನದು. ಏನೂ ನಡೆಯದಿದ್ದರೂ ಮೂರು ಪಣ ತೆರಬೇಕಾಗಿತ್ತು.

ಇಂದಿನ ನಿಯಮವೂ ಇದೇ ಜಾಡಿನಲ್ಲಿದೆ. ವಿದೇಶೀಯನಿಗೆ ತಂಗಲು ಎಡೆ ಕೊಟ್ಟವರು, ಅದು ಹೋಟೆಲಾಗಲಿ, ಧರ್ಮಶಾಲೆಯಾಗಲಿ, ಮನೆಯಾಗಲಿ, ಇಪ್ಪತ್ತನಾಲ್ಕು ಗಂಟೆಗಳ ಒಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಬಹುಕಾಲದಿಂದ ‘ಸಿ ನಮೂನೆ’ ಎಂದೇ ಹೆಸರಾದ ಈ ಕಾಗದವನ್ನು ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಯೋಗಾಭ್ಯಾಸಿಗಳಿಗೆ ಕೋಣೆ ಬಾಡಿಗೆಗೆ ಕೊಡುವವರು ಚೆನ್ನಾಗಿ ಬಲ್ಲರು. 1920ರ ಪಾಸ್‌ಪೋರ್ಟ್ ಕಾಯಿದೆ, 1939ರ ವಿದೇಶೀಯರ ನೋಂದಣಿ ಕಾಯಿದೆ, 1946ರ ವಿದೇಶೀಯರ ಕಾಯಿದೆ, ವಾಹಕರ ಹೊಣೆಗೆ ಸಂಬಂಧಿಸಿದ 2000ದ ಕಾಯಿದೆ, ಈ ನಾಲ್ಕರ ಸ್ಥಾನದಲ್ಲಿ ಸಂಸತ್ತು 2025ರಲ್ಲಿ ವಲಸೆ ಮತ್ತು ವಿದೇಶೀಯರ ಕಾಯಿದೆಯನ್ನು ರಚಿಸಿತು. ಅದು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಸರಿಯಾದ ಪತ್ರಗಳಿಲ್ಲದೆ ಒಳಬಂದವನಿಗೆ ಐದು ವರ್ಷಗಳವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ. ಖೋಟಾ ಪತ್ರ ಬಳಸಿದವನಿಗೆ ಎರಡರಿಂದ ಏಳು ವರ್ಷ ಸೆರೆ ಮತ್ತು ಹತ್ತು ಲಕ್ಷದವರೆಗೆ ದಂಡ. ವೀಸಾದ ಅವಧಿ ಮೀರಿ ಉಳಿದವನಿಗೆ ಮೂರು ವರ್ಷಗಳವರೆಗೆ ಸೆರೆ, ಮೂರು ಲಕ್ಷದವರೆಗೆ ದಂಡ, ಅಥವಾ ಎರಡೂ. ತಗಡೂರಿನ ಆ ಜ್ವರಪೀಡಿತನ ಬೇಡಿಕೆಯ ಹಿಂದೆ ಇರುವ ಭಯವು ಅಲ್ಪವಾದುದಲ್ಲ.

ಶ್ರಾವಕಾಚಾರದ ದೃಷ್ಟಿಯಿಂದ ಈ ವಿಷಯವನ್ನು ನೋಡುವವನಿಗೆ ಮೊದಲು ಎದುರಾಗುವುದು ಎರಡು ವಿಧಿಗಳ ನಡುವಣ ವಿರೋಧ. ಹನ್ನೆರಡು ವ್ರತಗಳಲ್ಲಿ ಕೊನೆಯದು ಅತಿಥಿಸಂವಿಭಾಗ. ಬರುವ ತಿಥಿ ಗೊತ್ತಿಲ್ಲದವನೇ ಅತಿಥಿ ಎಂಬುದು ಹಿರಿಯರು ಹೇಳುತ್ತ ಬಂದ ಅರ್ಥ. ಇದರ ಮುಖ್ಯಾರ್ಥ ಮುನಿಗಳಿಗೆ ಸಂಬಂಧಿಸಿದ್ದೇ ಹೌದಾದರೂ, ಹಸಿದವನು ಮತ್ತು ರೋಗಿ ಯಾರೇ ಆಗಿರಲಿ, ಅವರಿಗೆ ಕರುಣಾದಾನ ಸಲ್ಲಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ವೀಸಾ ಎಂಬುದಾದರೋ ತಿಥಿಯನ್ನು ಗೊತ್ತುಮಾಡುವ ಪತ್ರ. ಬರುವ ದಿನ, ಹೋಗುವ ದಿನ, ಬಂದ ಉದ್ದೇಶ ಎಲ್ಲವೂ ಅದರಲ್ಲಿ ನಿಗದಿಯಾಗಿರುತ್ತದೆ. ಇನ್ನೊಂದು ಕಡೆ, ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸುತ್ತದೆ. ರಾಜ್ಯದ ಕಟ್ಟಳೆಯನ್ನು ಮೀರಿ ಗಡಿಯಾಚೀಚೆ ನಡೆಸುವ ವ್ಯವಹಾರವು ಕಳವಿನ ಸಾಲಿಗೆ ಸೇರುತ್ತದೆ. ಹೀಗೆ ಒಂದೇ ಆಚಾರಸಂಹಿತೆಯು ಅತಿಥಿಗೆ ಬಾಗಿಲು ತೆರೆಯೆಂದು ಹೇಳುತ್ತದೆ, ರಾಜ್ಯದ ಕಟ್ಟಳೆಯನ್ನು ಮೀರಬೇಡವೆಂದೂ ಹೇಳುತ್ತದೆ.

ಈ ವಿರೋಧ ಹೊರನೋಟದ್ದು. ಪೂಜ್ಯಪಾದಾಚಾರ್ಯರು ವಿರುದ್ಧರಾಜ್ಯಾತಿಕ್ರಮವನ್ನು ವ್ಯಾಖ್ಯಾನಿಸುವಾಗ ಅವರ ಮನಸ್ಸಿನಲ್ಲಿದ್ದದ್ದು ಸರಕು. ಬೆಲೆಬಾಳುವ ವಸ್ತುಗಳು ವಿರುದ್ಧ ರಾಜ್ಯದಲ್ಲಿ ಅಲ್ಪ ಬೆಲೆಗೆ ದೊರೆಯುತ್ತವೆಂದು ನ್ಯಾಯದ ಮಾರ್ಗವನ್ನು ಬಿಟ್ಟು ಅವನ್ನು ಪಡೆಯಲು ಹವಣಿಸುವ ಲೋಭವನ್ನು ಅವರು ದೋಷವೆಂದರು. ವ್ಯಾಪಾರಿಗೆ ಇದು ಸುಲಭವಾಗಿ ಅರ್ಥವಾಗುವ ಮಾತು. ಸುಂಕ ತಪ್ಪಿಸಿ ತಂದ ಮಾಲಿನ ಲಾಭದಲ್ಲಿ ಸುಂಕ ಕಟ್ಟಿದ ನೆರೆಯಂಗಡಿಯವನ ಪಾಲೂ ರಾಜ್ಯದ ಪಾಲೂ ಸೇರಿರುತ್ತವೆ. ಆದರೆ ಮನುಷ್ಯನು ಸರಕಲ್ಲ. ಸರಕಿಗೆ ಹಸಿವಿಲ್ಲ, ಭಯವಿಲ್ಲ, ಹಿಂದಿರುಗಿ ನೋಡುವ ಮನೆಯಿಲ್ಲ. ಆದ್ದರಿಂದ ಸರಕಿಗೆ ಹೇಳಿದ ನಿಯಮವನ್ನು ಮನುಷ್ಯನಿಗೆ ಅನ್ವಯಿಸುವ ಮೊದಲು, ಆ ನಿಯಮದಲ್ಲಿ ಕಳವು ಎನಿಸಿಕೊಳ್ಳುವ ಅಂಶ ಯಾವುದು ಎಂಬುದನ್ನು ಬಿಡಿಸಿ ನೋಡಬೇಕು. ಗಡಿಯನ್ನು ದಾಟುವ ಹೆಜ್ಜೆಯಲ್ಲಿ ಕಳವಿಲ್ಲ. ತನ್ನದಲ್ಲದ ಲಾಭವನ್ನು ಮರೆಯಲ್ಲಿ ಪಡೆಯುವುದರಲ್ಲಿ ಕಳವಿದೆ. ಮರೆಮಾಚುವಿಕೆಯೇ ಅದರ ತಿರುಳು.

ಈ ಮಾತಿಗೆ ಗಾಂಧೀಜಿಯವರ ಜೀವನವೇ ಸಾಕ್ಷಿಯಾಗಿದೆ. ಸತ್ಯಾಗ್ರಹವೆಂಬ ಮಾರ್ಗ ಹುಟ್ಟಿದ್ದೇ ವಲಸೆಗಾರರ ನೋಂದಣಿಯ ಪ್ರಶ್ನೆಯಿಂದ ಎಂಬುದನ್ನು ಅನೇಕರು ಮರೆತಿದ್ದಾರೆ. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನಲ್ಲಿ ಭಾರತೀಯರು ಬೆರಳಚ್ಚು ಕೊಟ್ಟು ನೋಂದಣಿ ಪತ್ರವನ್ನು ಸದಾ ಜೊತೆಯಲ್ಲಿರಿಸಿಕೊಳ್ಳಬೇಕೆಂಬ ಶಾಸನದ ವಿರುದ್ಧ 1906ರಲ್ಲಿ ಹೋರಾಟ ಆರಂಭವಾಯಿತು. 1908ರ ಆಗಸ್ಟ್ 16ರಂದು ಜೊಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಆವರಣದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಬಹಿರಂಗವಾಗಿ ಸುಡಲಾಯಿತು. 1913ರ ನವೆಂಬರ್ 6ರಂದು ಎರಡು ಸಾವಿರಕ್ಕೂ ಮಿಕ್ಕಿದ ಜನ ಅಪ್ಪಣೆಯಿಲ್ಲದೆ ನಟಾಲಿನಿಂದ ಟ್ರಾನ್ಸ್‌ವಾಲಿನ ಗಡಿಯನ್ನು ದಾಟಿದರು. ಇದು ಶಾಸನದ ಅತಿಕ್ರಮವೇ ಹೌದು. ಆದರೆ ಇದನ್ನು ಅಚೌರ್ಯದ ಅತಿಚಾರವೆಂದು ಕರೆಯಲಾಗದು. ಗಡಿ ದಾಟುವೆವೆಂದು ಸರ್ಕಾರಕ್ಕೆ ಮೊದಲೇ ತಿಳಿಸಲಾಗಿತ್ತು. ಹಗಲಿನಲ್ಲಿ, ಎಲ್ಲರ ಕಣ್ಣೆದುರಿನಲ್ಲಿ, ಸೆರೆಯನ್ನು ಸ್ವೀಕರಿಸಲು ಸಿದ್ಧರಾಗಿ ಅವರು ನಡೆದರು. ಅಲ್ಲಿ ಮರೆಮಾಚಿದ್ದು ಯಾವುದೂ ಇರಲಿಲ್ಲ, ಯಾರ ಪಾಲೂ ಕದ್ದದ್ದಾಗಿರಲಿಲ್ಲ. ತಗಡೂರಿನಂತಹ ಊರುಗಳಿಗೆ ಚರಕದೊಡನೆ ಬಂದ ವಿಚಾರದ ಬೇರು ಇಲ್ಲಿದೆ.

ಹಾಗಾದರೆ ಪರದೇಶದಿಂದ ಬರುವವನ ಮೊದಲ ಧರ್ಮ ಸತ್ಯ. ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದಾದ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಈ ಕಾಲದಲ್ಲಿ ವೀಸಾ ಅರ್ಜಿಯ ಅಂಕಣಗಳಿಗೂ ಸಲ್ಲುತ್ತದೆ. ಪ್ರವಾಸಿಯೆಂದು ಬರೆದು ಕೂಲಿಗೆ ಬರುವುದು, ವಿದ್ಯಾರ್ಥಿಯೆಂದು ಬರೆದು ತರಗತಿಯ ಕಡೆಗೆ ಹೋಗದಿರುವುದು ಇವೆಲ್ಲ ಕೂಟಲೇಖಗಳೇ. ಕನ್ನಡನಾಡಿನಿಂದ ಹೊರದೇಶಗಳಿಗೆ ಹೋಗುವ ಮಕ್ಕಳಿಗೆ ತಂದೆತಾಯಿಗಳು ಹೇಳಬೇಕಾದ ಮಾತೂ ಇದೇ ಆಗಿದೆ. ಇದರ ಜೊತೆಗೆ ರಾಜ್ಯಕ್ಕೂ ಒಂದು ಹೊಣೆಯಿದೆ. ಬಾಗಿಲು ಅಗತ್ಯಕ್ಕಿಂತ ಕಿರಿದಾದರೆ ಸಾಧು ಮನುಷ್ಯನೂ ಸುಳ್ಳು ಬರೆಯುವ ಪ್ರಲೋಭನೆಗೆ ಬೀಳುತ್ತಾನೆ. ಪ್ರವಾಸಿ ವೀಸಾದಲ್ಲಿ ಬಂದವರು ಅಲ್ಪಾವಧಿಯ ಯೋಗ ಶಿಕ್ಷಣವನ್ನು ಪಡೆಯಬಹುದೆಂದು ಸರ್ಕಾರ ಸ್ಪಷ್ಟವಾಗಿ ಒಪ್ಪಿಕೊಂಡಿರುವುದರಿಂದ, ಮೈಸೂರಿಗೆ ಆ ಕಾರಣಕ್ಕಾಗಿಯೇ ಬರುವ ಯಾತ್ರಿಕನು ತನ್ನ ಉದ್ದೇಶವನ್ನು ನಿಜವಾಗಿ ಬರೆಯಬಹುದು. ಸತ್ಯ ಹೇಳುವವನಿಗೆ ದಾರಿ ಇರುವಂತೆ ನಿಯಮವನ್ನು ರಚಿಸುವುದೂ ರಾಜಧರ್ಮವೇ.

ಎರಡನೆಯದು ಆತಿಥೇಯನ ಧರ್ಮ. ಮನೆಯಲ್ಲಿ ಉಂಡು ಮಲಗಿದವನ ವಿಷಯವನ್ನು ಠಾಣೆಗೆ ತಿಳಿಸುವುದು ವಿಶ್ವಾಸಘಾತವಲ್ಲವೇ, ಗುಟ್ಟನ್ನು ಹೊರಗೆಡಹುವ ದೋಷವನ್ನೂ ಶಾಸ್ತ್ರ ಹೇಳಿದೆಯಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದೇ. ಆದರೆ ಅತಿಥಿ ಬಂದಿದ್ದಾನೆಂಬುದು ಗುಟ್ಟಲ್ಲ. ವಿಮಾನ ನಿಲ್ದಾಣದಲ್ಲಿ ಅವನ ಪಾಸ್‌ಪೋರ್ಟಿನ ಮೇಲೆ ಮುದ್ರೆ ಬಿದ್ದಾಗಲೇ ಅದು ಪ್ರಕಟವಾಗಿದೆ. ಬಂದ ದಿನವೇ ಅವನಿಗೆ ತಿಳಿಸಿ, ಅವನ ಎದುರಿನಲ್ಲಿಯೇ ನಮೂನೆ ತುಂಬಿದರೆ ಅದರಲ್ಲಿ ದ್ರೋಹವಿಲ್ಲ. ಅಪರಿಚಿತ ನಾಡಿನಲ್ಲಿ ಅಪಘಾತವಾದಾಗ, ಕಾಯಿಲೆಯಾದಾಗ, ಅವನ ಮನೆಯವರು ಹುಡುಕುವಾಗ, ಅದೇ ಕಾಗದವು ಅವನನ್ನು ಕಾಯುತ್ತದೆ.

ಬಾಗಿಲು ಕೆಲವೊಮ್ಮೆ ಒಳಗಿನ ಅತಿಥಿಯನ್ನೂ ಕಾಯುತ್ತದೆ. ಇದಕ್ಕೆ ಮೈಸೂರು ಜಿಲ್ಲೆಯಲ್ಲಿಯೇ ನಿದರ್ಶನವಿದೆ. ದಲೈಲಾಮಾ ಅವರು 1959ರಲ್ಲಿ ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದ ನಿರಾಶ್ರಿತರಿಗಾಗಿ ಅಂದಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3000 ಎಕರೆ ಭೂಮಿಯನ್ನು ಕೊಟ್ಟಿತು. 1960ರಿಂದ ಅಲ್ಲಿ ವಸತಿ ಬೆಳೆಯಿತು. ಟಿಬೆಟಿಯನ್ನರು ಅಲ್ಲಿ ನೋಂದಣಿ ಪತ್ರ ಪಡೆದು ಬಾಳುತ್ತಿದ್ದಾರೆ. ಅವರ ನಡುವೆ ತಂಗಬಯಸುವ ಬೇರೆ ದೇಶದವನಿಗೆ ವೀಸಾದ ಜೊತೆಗೆ ಪ್ರತ್ಯೇಕ ಪರವಾನಗಿ ಬೇಕು. ಪರವಾನಗಿ ತಡವಾಯಿತೆಂದು ಯಾತ್ರಿಕನು ಬೇಸರಪಡುವುದು ಸಹಜ. ಆದರೆ ತಾಯ್ನಾಡನ್ನು ಕಳೆದುಕೊಂಡು ಬಂದವರ ವಸತಿಗೆ ಯಾರು ಬಂದರು, ಯಾರು ಹೋದರು ಎಂಬ ಎಚ್ಚರ ಬೇಡವೆನ್ನುವಂತಿಲ್ಲ. ಒಮ್ಮೆ ಆಶ್ರಯ ಕೊಟ್ಟ ಮೇಲೆ ಅದನ್ನು ಕಾಯುವುದೂ ಆತಿಥ್ಯದ ಭಾಗ.

ಮೂರನೆಯದು ದಂಡ ಹಿಡಿದವನ ಧರ್ಮ. ಅತ್ಯಂತ ಕಠಿಣವಾದದ್ದು ಇದೇ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಬಯಸಿದ ಎಡೆಗೆ ಹೋಗುವುದನ್ನು ತಡೆಯುವುದೇ ಬಂಧವೆಂದು ಪೂಜ್ಯಪಾದರು ಅರ್ಥ ಹೇಳಿದ್ದಾರೆ. ಹಾಗೆ ನೋಡಿದರೆ ಗಡಿಯ ಪ್ರತಿಯೊಂದು ಕಾವಲೂ ಬಂಧದ ಅಂಶವನ್ನು ಹೊಂದಿರುತ್ತದೆ. ಗೃಹಸ್ಥನಿಗೆ ತನ್ನ ಮನೆಯನ್ನು ಕಾಯಲು ವಿರೋಧಿಹಿಂಸೆ ಅನಿವಾರ್ಯವಾಗುವಂತೆ ರಾಜ್ಯಕ್ಕೂ ಇದು ಪೂರ್ತಿಯಾಗಿ ತಪ್ಪದು. ಆದರೆ ವಿರೋಧಿಹಿಂಸೆಗೂ ಸಂಕಲ್ಪಹಿಂಸೆಗೂ ನಡುವೆ ಒಂದು ಗೆರೆಯಿದೆ. ತಡೆಯಲೇಬೇಕಾದಷ್ಟು ತಡೆಯುವುದು ಮೊದಲನೆಯದು. ನೋಯಿಸಬೇಕು, ಅವಮಾನಿಸಬೇಕು, ಉಳಿದವರು ನೋಡಿ ಹೆದರಬೇಕು ಎಂದು ಮಾಡುವುದು ಎರಡನೆಯದು. ಇದಕ್ಕೆ ಗೃಹಸ್ಥನಿಗೂ ಅನುಮತಿಯಿಲ್ಲ, ಗೃಹಸ್ಥರಿಂದಾದ ರಾಜ್ಯಕ್ಕೂ ಇಲ್ಲ.

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು ಅಲ್ಲಿಂದ ಹೊರಹಾಕಲ್ಪಟ್ಟ 104 ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿತು. ಪ್ರಯಾಣದಲ್ಲಿ ಅವರ ಕೈಕಾಲುಗಳಿಗೆ ಸಂಕೋಲೆ ತೊಡಿಸಲಾಗಿತ್ತೆಂಬುದು ದೇಶದಲ್ಲೆಲ್ಲ ನೋವನ್ನುಂಟುಮಾಡಿತು. ಆ ದೇಶಕ್ಕೆ ಅವರನ್ನು ಹಿಂದಿರುಗಿಸುವ ಹಕ್ಕಿಲ್ಲವೆಂದು ವಾದಿಸಿದವರು ಕಡಿಮೆ. ಸಂಕೋಲೆ ಏಕೆ ಎಂದು ಕೇಳಿದವರೇ ಹೆಚ್ಚು. ಜನಸಾಮಾನ್ಯರು ಶಾಸ್ತ್ರದ ಪರಿಭಾಷೆಯಿಲ್ಲದೆಯೇ ಆ ಗೆರೆಯನ್ನು ಗುರುತಿಸಿದರು. ತನ್ನವರ ಕಾಲಿನ ಸಂಕೋಲೆಯನ್ನು ಕಂಡು ನೊಂದವನು ಪರರ ಕಾಲಿನ ಕಡೆಗೂ ನೋಡಬೇಕು. ಬೆಂಗಳೂರಿನ ಸಮೀಪ ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ, ಹಿಂದೆ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡವನ್ನು ವಿದೇಶೀಯರ ಬಂಧನ ಕೇಂದ್ರವನ್ನಾಗಿ ಮಾಡಲಾಗಿದೆ. ಗಡೀಪಾರಿಗೆ ಕಾಯುವವನಿಗೆ ಅಲ್ಲಿ ಅನ್ನ, ನೀರು, ಔಷಧ, ಮನೆಯವರೊಡನೆ ಮಾತು ಇವು ಕೊರತೆಯಿಲ್ಲದೆ ದೊರೆಯುತ್ತಿವೆಯೇ ಎಂದು ಕೇಳುವುದು ನಾಗರಿಕನ ಕರ್ತವ್ಯ. ಇದರಿಂದ ದೇಶದ ಗಡಿ ಸಡಿಲವಾಗುವುದಿಲ್ಲ.

ಅವಸರದ ದಂಡನೆಯು ಪರರನ್ನಷ್ಟೇ ಅಲ್ಲ, ಮನೆಯವರನ್ನೂ ಹೊಡೆಯುತ್ತದೆ. ತಾನು ವಿದೇಶೀಯನಲ್ಲವೆಂದು ಸಾಧಿಸುವ ಹೊರೆಯನ್ನು 1946ರ ಕಾಯಿದೆಯಂತೆಯೇ ಹೊಸ ಕಾಯಿದೆಯೂ ಸಂಶಯಕ್ಕೊಳಗಾದವನ ಮೇಲೆಯೇ ಇರಿಸಿದೆ. ಪೆಟ್ಟಿಗೆಯ ತುಂಬ ಪತ್ರಗಳಿರುವವನಿಗೆ ಇದು ಹಗುರ, ಊರೂರು ಅಲೆದು ದುಡಿಯುವ ಕೂಲಿಯವನಿಗೆ ಬಲು ಭಾರ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ಅಕ್ರಮ ಬಾಂಗ್ಲಾದೇಶೀಯರಿದ್ದಾರೆಂಬ ಮಾತಿನ ಮೇಲೆ ಕಾರ್ಮಿಕರ ಜೋಪಡಿಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಅಸ್ಸಾಮಿನವರೂ ತ್ರಿಪುರದವರೂ ಉತ್ತರ ಕರ್ನಾಟಕದವರೂ ಇದ್ದರು. ಕರ್ನಾಟಕ ಉಚ್ಚ ನ್ಯಾಯಾಲಯವು ಮಧ್ಯೆ ಪ್ರವೇಶಿಸಬೇಕಾಯಿತು. ವಿಚಾರಣೆಗೆ ಮೊದಲೇ ಮನೆ ಕೆಡವಿದರೆ, ಆಮೇಲೆ ನಿಜ ತಿಳಿದರೂ ಆ ರಾತ್ರಿಯ ಚಳಿಯನ್ನು ಮಕ್ಕಳಿಗೆ ಹಿಂದಿರುಗಿ ಕೊಡಲಾಗುವುದಿಲ್ಲ.

2025ರ ಕಾಯಿದೆಯೊಡನೆ ಹೊರಟ ವಿನಾಯಿತಿ ಆದೇಶದ ಬಗೆಗೂ ಒಂದು ಮಾತು ಅವಶ್ಯ. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ ಕಿರುಕುಳಕ್ಕೆ ಅಂಜಿ 2024ರ ಡಿಸೆಂಬರ್ 31ರೊಳಗೆ ಬಂದ ಕೆಲವು ಸಮುದಾಯಗಳವರಿಗೆ ಪತ್ರಗಳಿಲ್ಲದಿದ್ದರೂ ಶಿಕ್ಷೆಯಿಲ್ಲ. ಆ ಸಮುದಾಯಗಳ ಪಟ್ಟಿಯಲ್ಲಿ ಜೈನರ ಹೆಸರೂ ಇದೆ. ಪಟ್ಟಿ ಎಷ್ಟು ಅಗಲವಾಗಿರಬೇಕೆಂಬುದು ಶಾಸನಸಭೆಗಳೂ ನ್ಯಾಯಾಲಯಗಳೂ ಚರ್ಚಿಸುವ ವಿಷಯ. ಆದರೆ ಶ್ರಾವಕನ ಅಡಿಗೆಮನೆಯಲ್ಲಿ ಅಂತಹ ಪಟ್ಟಿಯಿಲ್ಲ. ತನ್ನ ಹೆಸರು ಇರುವುದನ್ನು ಕಂಡು ನಿಶ್ಚಿಂತನಾದವನು, ಹೆಸರಿಲ್ಲದ ಹಸಿದವನು ಎದುರು ನಿಂತಾಗ ಹೆಚ್ಚು ಎಚ್ಚರದಿಂದಿರಬೇಕು.

ಹೀಗೆ ಒಬ್ಬೊಬ್ಬನಿಗೂ ಮರುಗುತ್ತ ಹೋದರೆ ಗಡಿ ಉಳಿಯುವುದೇ ಎಂಬ ಆಕ್ಷೇಪ ಸಹಜವಾದದ್ದು. ಗಡಿ ಹಾಕುವುದು ಪಾಪವಲ್ಲ. ದಿಗ್ವ್ರತವನ್ನು ಸ್ವೀಕರಿಸಿದ ಶ್ರಾವಕನು ಹತ್ತು ದಿಕ್ಕುಗಳಲ್ಲಿಯೂ ತನ್ನ ಸಂಚಾರಕ್ಕೆ ತಾನೇ ಎಲ್ಲೆ ಹಾಕಿಕೊಳ್ಳುತ್ತಾನೆ. ಆದರೆ ಆ ಎಲ್ಲೆ ತನ್ನ ಆಸೆಯನ್ನು ತಡೆಯುವುದಕ್ಕಾಗಿ ಇರುವಂಥದು. ರಾಜ್ಯದ ಎಲ್ಲೆಯಾದರೋ ಪರರ ಕಾಲನ್ನು ತಡೆಯುತ್ತದೆ. ತನಗೆ ಹಾಕಿಕೊಂಡ ಎಲ್ಲೆಯನ್ನು ಎಷ್ಟು ಬಿಗಿಮಾಡಿದರೂ ಕೇಡಿಲ್ಲ. ಪರರಿಗೆ ಹಾಕಿದ ಎಲ್ಲೆಯನ್ನು ಬಿಗಿಮಾಡುವಾಗ ಮಾತ್ರ ಪ್ರತಿ ಹೆಜ್ಜೆಗೂ ಕಾರಣ ಬೇಕು, ವಿಚಾರಣೆ ಬೇಕು, ಮೇಲ್ಮನವಿಗೆ ಅವಕಾಶ ಬೇಕು. ಇಷ್ಟು ಇದ್ದ ಮೇಲೂ ‘ಹಿಂದಿರುಗು’ ಎಂದು ಹೇಳಬೇಕಾದ ಸಂದರ್ಭ ಬಂದರೆ ಹೇಳಬೇಕು. ಅದನ್ನು ಮನುಷ್ಯನಿಗೆ ಹೇಳುವಂತೆ ಹೇಳಬೇಕು.

ಈಗ ತಗಡೂರಿನ ಆ ಮನೆಗೆ ಹಿಂದಿರುಗಬಹುದು. ಗೃಹಸ್ಥನು ಅತಿಥಿಯ ಹಾಸಿಗೆಯ ಬಳಿ ಕುಳಿತು, ಮರೆಮಾಚಲು ತನ್ನಿಂದಾಗದೆಂದು ಮೃದುವಾಗಿ, ಆದರೆ ಸ್ಪಷ್ಟವಾಗಿ ಹೇಳಬೇಕು. ಅದೇ ಉಸಿರಿನಲ್ಲಿ ಹೊರಗೆ ಕಳುಹಿಸುವುದೂ ಇಲ್ಲವೆಂದು ಭರವಸೆ ಕೊಡಬೇಕು. ವೈದ್ಯರನ್ನು ಕರೆಸಿ, ಪ್ರಯಾಣಕ್ಕೆ ಶಕ್ತಿಯಿಲ್ಲವೆಂಬ ಪ್ರಮಾಣಪತ್ರವನ್ನು ಪಡೆಯಬೇಕು. ಕಾಯಿಲೆಯ ಕಾರಣಕ್ಕೆ ಅವಧಿ ವಿಸ್ತರಣೆ ಕೋರುವ ಅರ್ಜಿಯನ್ನು ವಿದೇಶೀಯರ ನೋಂದಣಿ ಕಚೇರಿಗೆ ಅಂತರ್ಜಾಲದ ಮೂಲಕವೇ ಸಲ್ಲಿಸಬಹುದು. ಎರಡು ದಿನಗಳು ಉಳಿದಿರುವಾಗಲೇ ಸಲ್ಲಿಸಿದರೆ ಅದು ಸತ್ಯವಂತನ ಅರ್ಜಿಯಾಗುತ್ತದೆ, ಸಿಕ್ಕಿಬಿದ್ದ ಮೇಲೆ ಸಲ್ಲಿಸಿದರೆ ತಪ್ಪಿತಸ್ಥನ ಸಮಜಾಯಿಷಿಯಾಗುತ್ತದೆ. ಕಚೇರಿಯಿಂದ ಪ್ರಶ್ನೆ ಬಂದರೆ ಆತಿಥೇಯನೇ ಮುಂದೆ ನಿಂತು ಉತ್ತರಿಸಬೇಕು. ವಿಸ್ತರಣೆ ದೊರೆತರೆ ಸಂತೋಷ. ದೊರೆಯದೆ ಹೊರಡಬೇಕಾಗಿ ಬಂದರೆ, ವೈದ್ಯರ ಸಲಹೆಯಂತೆ ದಾರಿಗೆ ಬುತ್ತಿ ಕಟ್ಟಿ, ವಿಮಾನ ನಿಲ್ದಾಣದವರೆಗೆ ಜೊತೆಯಲ್ಲಿ ಹೋಗಿ ಬೀಳ್ಕೊಡಬೇಕು. ಇದರಿಂದ ಅವನಿಗೆ ಖರ್ಚೂ ತೊಂದರೆಯೂ ಆಗಬಹುದು, ಠಾಣೆಯ ಮೆಟ್ಟಿಲು ಹತ್ತುವ ಮುಜುಗರವೂ ಆಗಬಹುದು. ಸಂವಿಭಾಗವೆಂದರೆ ಪಾಲು ಹಂಚಿಕೊಳ್ಳುವುದು. ಅತಿಥಿಯೊಡನೆ ಹಂಚಿಕೊಳ್ಳಬೇಕಾದದ್ದು ಅನ್ನ ಮಾತ್ರವಲ್ಲ, ಅವನ ಕಷ್ಟದ ಪಾಲು ಕೂಡ.

ಹನ್ನೆರಡು ವರ್ಷಗಳ ಕ್ಷಾಮಕ್ಕೆ ಸಿಲುಕಿದ ಉತ್ತರದೇಶವನ್ನು ಬಿಟ್ಟು ಭದ್ರಬಾಹು ಸ್ವಾಮಿಗಳ ಸಂಘವು ದಕ್ಷಿಣಕ್ಕೆ ಬಂದಿತೆಂದೂ, ಚಂದ್ರಗುಪ್ತನು ರಾಜ್ಯವನ್ನು ತೊರೆದು ಅವರನ್ನು ಅನುಸರಿಸಿದನೆಂದೂ ಶ್ರವಣಬೆಳ್ಗೊಳದ ಪರಂಪರೆ ಹೇಳುತ್ತದೆ. ಯಾವ ಅರಸನ ಮಂತ್ರಿಯು ಮುದ್ರೆಯಿಲ್ಲದವನಿಗೆ ಹನ್ನೆರಡು ಪಣ ದಂಡ ವಿಧಿಸಿದನೆಂದು ನಂಬಲಾಗಿದೆಯೋ, ಆ ಅರಸನೇ ಕೈಯಲ್ಲಿ ಯಾವ ಮುದ್ರೆಯೂ ಇಲ್ಲದೆ ಕನ್ನಡನಾಡಿನ ಬೆಟ್ಟವೊಂದರ ಮೇಲೆ ಅತಿಥಿಯಾಗಿ ದೇಹವನ್ನು ಬಿಟ್ಟನು. ಅಂದು ಈ ನಾಡಿನ ಜನ ಬಂದವರಿಗೆ ಆಹಾರ ಕೊಟ್ಟರು. ಆ ಆಹಾರದ ಋಣ ಇನ್ನೂ ತೀರಿಲ್ಲವೆಂದು ನೆನಪಿಟ್ಟುಕೊಂಡವನು, ರಾಜ್ಯದ ಕಟ್ಟಳೆಯನ್ನು ಪಾಲಿಸುತ್ತಲೇ, ಬಾಗಿಲ ಬಳಿ ನಿಂತವನನ್ನು ಕಣ್ಣೆತ್ತಿ ನೋಡಬಲ್ಲನು.